ಫೂಫಿ ಮತ್ತು ಏಳು ಒಂದುಗಳು

ನಮ್ಮ ಫೂಫಿ ಜೀವಮಾನದಲ್ಲಿ ಒಂದೇ ಒಂದು ತಪ್ಪು ಮಾಡಿದ್ದಾರೆ. ಆದರೆ ಅದು ಎಷ್ಟು ದೊಡ್ಡದು ಗೊತ್ತೇ? ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು! ರೂಪಾಯಿ ಅಂದುಕೊಂಡು ಗಾಬರಿಯಾಗಬೇಡಿ. ಅಷ್ಟು ರೂಪಾಯಿಯನ್ನು ನಮ್ಮ ವಂಶದಲ್ಲಿ ಯಾರೂ ಕಣ್ಣಲ್ಲಿ ಕಂಡಿಲ್ಲ. ಆದ್ದರಿಂದ ಆ ಬಾಬ್ತಿನಲ್ಲಿ ತಪ್ಪು ಮಾಡುವ ಯೋಗವೂ ಯಾರಿಗೂ ಒದಗಿಲ್ಲ. ಇದು ಬರಿಯ ಸಂಖ್ಯೆ. ಒಂದು ಎಂಬ ಅಂಕೆಯನ್ನು ಏಳು ಸಲ ಸಾಲಾಗಿ ಬರೆದರೆ ಬರುತ್ತದಲ್ಲ, ಅದು.

ಫೂಫಿ ಎಂದರೆ ಅಪ್ಪನ ಅಕ್ಕ. ನಾವು ಹಾವೇರಿಯವರು, ಅವರನ್ನು ಕೊಟ್ಟದ್ದು ಬ್ಯಾಡಗಿಗೆ. ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ರಾಣೆಬೆನ್ನೂರಿಗೆ ಹೋಗಿ ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಅವರ ಗಂಡ ಫುಪ್ಪಾ, ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಮೂವತ್ತು ವರ್ಷ ಮೆಣಸಿನಕಾಯಿಯ ನಡುವೆ ಕೂತರೂ ಸೀನುವುದನ್ನು ಬಿಟ್ಟವರಲ್ಲ. ಮಕ್ಕಳಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಪಿಯುಸಿ ಓದಲು ಅಪ್ಪ ನನ್ನನ್ನು ಅವರ ಮನೆಗೆ ಕಳಿಸಿದ. ಹಾವೇರಿಯಲ್ಲಿ ಕಾಲೇಜು ಇರಲಿಲ್ಲವೆಂದಲ್ಲ. ಫೂಫಿಯ ಮನೆಯಲ್ಲಿದ್ದರೆ ನನಗೆ ಗಣಿತ ಬರುತ್ತದೆ ಎಂದು ಅವನ ಆಸೆ. ಬರಲಿಲ್ಲ, ಆ ಮಾತು ಬೇರೆ.

ಮನೆಯಲ್ಲಿ ನಮ್ಮ ಮಾತೆಲ್ಲ ಉರ್ದು. ಆದರೆ ಫೂಫಿ ಗಣಿತ ಕಲಿತದ್ದೂ ಕಲಿಸಿದ್ದೂ ಕನ್ನಡದಲ್ಲಿ. ಹಾಗಾಗಿ ಮಾತಿನಲ್ಲಿ ಒಂದು ಸಂಖ್ಯೆ ಬಂತೆಂದರೆ ಸಾಕು, ಗಾಡಿ ಹಳಿ ಬದಲಿಸಿದ ಹಾಗೆ ಕನ್ನಡಕ್ಕೆ ಬಂದುಬಿಡುತ್ತಿದ್ದರು. ಸಂಖ್ಯೆ ಬಾರದ ಮಾತು ಅವರ ಬಾಯಲ್ಲಿ ಕಡಿಮೆಯಾದ್ದರಿಂದ ನಮ್ಮದು ಬಹುಮಟ್ಟಿಗೆ ಕನ್ನಡದ ಮನೆಯೇ ಆಗಿತ್ತು.

ಮನುಷ್ಯರ ಜಾತಿಯ ಬಗ್ಗೆ ಫೂಫಿಗೆ ಎಳ್ಳಷ್ಟೂ ಆಸಕ್ತಿಯಿಲ್ಲ. ಸಂಖ್ಯೆಯ ಜಾತಿ ಮಾತ್ರ ಗೊತ್ತಾಗಲೇಬೇಕು. ಮುಖ್ಯವಾಗಿ ಎರಡು ಜಾತಿ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ಅವಿಭಾಜ್ಯ ಸಂಖ್ಯೆ: ಏಳು, ಹನ್ನೊಂದು, ಹದಿಮೂರು ಹೀಗೆ. ಭಾಗವಾಗುವುದು ಸಂಯುಕ್ತ ಸಂಖ್ಯೆ. ಇಷ್ಟು ನಮಗೆಲ್ಲ ಐದನೆಯ ಇಯತ್ತೆಯಲ್ಲಿ ಹೇಳಿಕೊಟ್ಟಿದ್ದಾರೆ. ನಾವೆಲ್ಲ ಆರನೆಯ ಇಯತ್ತೆಯಲ್ಲಿ ಮರೆತಿದ್ದೇವೆ. ಫೂಫಿ ಮರೆಯಲಿಲ್ಲ. ಮನೆಗೆ ಬಂದ ಲಗ್ನಪತ್ರಿಕೆಯಲ್ಲಿ ವರನ ಹೆಸರಿಗಿಂತ ಮೊದಲು ಮುದ್ರಣಾಲಯದ ಫೋನ್ ನಂಬರು ನೋಡುವ ಹೆಂಗಸನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಬ್ಯಾಡಗಿ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ನಿಂತಿದ್ದರೆ ಅವರಿಗೆ ಹಬ್ಬ. ಒಂದೊಂದು ಡಬ್ಬಿಯ ಮೇಲೂ ಉದ್ದನೆಯ ನಂಬರು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಇದು ಮೂರರಿಂದ ಹೋಗುತ್ತದೆ, ಇದು ಹನ್ನೊಂದರಿಂದ, ಎಂದು ಗೊಣಗುವರು. ಒಂದು ದಿನ ಅಲ್ಲಿನ ಹಮಾಲನೊಬ್ಬ ತಡೆಯಲಾರದೆ ಕೇಳಿದ.

"ಅಕ್ಕೋರ, ಡಬ್ಬಿ ಎಣಸಾಕ ರೈಲ್ವೆದಾವ್ರು ನಿಮಗ ಪಗಾರ ಕೊಡತಾರೇನ್ರಿ?"

"ಎಣಸಾಕತ್ತಿಲ್ಲಪಾ," ಎಂದರು ಫೂಫಿ, ಕಣ್ಣು ಡಬ್ಬಿಯ ಮೇಲೆಯೇ ಇಟ್ಟು. "ಒಡ್ಯಾಕತ್ತೇನಿ."

ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ರೈಲ್ವೆ ಮಾಲು ಐತ್ರಿ. ಒಡದ್ರ ಕೇಸ್ ಆಗತೈತಿ."

ಆ ದಿನ ಒಡೆಯಲು ನಿಂತದ್ದು ಮೂವತ್ತು ಸಾವಿರದ ಮೂವತ್ತೊಂದು. ಅದು ಎರಡಕ್ಕೆ ಬಗ್ಗಲಿಲ್ಲ, ಮೂರಕ್ಕೆ ಬಗ್ಗಲಿಲ್ಲ, ಐದು, ಏಳು, ಹನ್ನೊಂದು, ಹದಿಮೂರು ಯಾವುದಕ್ಕೂ ಬಗ್ಗಲಿಲ್ಲ. ಪ್ರತಿ ಸಲವೂ ಒಂದೇ ಒಂದು ಉಳಿಯುತ್ತಿತ್ತು. ಈ ಸೋಜಿಗದಲ್ಲಿ ಮುಳುಗಿ ಫೂಫಿ ನಿಂತಿರುವಾಗ ಪ್ಯಾಸೆಂಜರ್ ಗಾಡಿ ಬಂದು, ನಿಂತು, ಸೀಟಿ ಹೊಡೆದು ಹೋಯಿತು. ಅವತ್ತು ಶಾಲೆಗೆ ರಜೆ ಹಾಕಿ ಮನೆಗೆ ಬಂದು, ಮಧ್ಯಾಹ್ನದ ಹೊತ್ತಿಗೆ ಅದನ್ನು ಐವತ್ತೊಂಬತ್ತರಿಂದ ಒಡೆದ ಮೇಲೆಯೇ ಊಟ. ರಜೆ ಅರ್ಜಿಯಲ್ಲಿ ಕಾರಣ ಏನು ಬರೆದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಫುಪ್ಪಾ ಈ ಚಾಳಿಯನ್ನು ಚೆನ್ನಾಗಿ ಉಪಯೋಗಿಸಿಕೊಳ್ಳುತ್ತಿದ್ದರು. ಗಂಡ ಹೆಂಡಿರ ಜಗಳ ಉರ್ದುವಿನಲ್ಲಿ ಶುರುವಾಗಿ ಏರುತ್ತ ಹೋದಾಗ ಅವರು ಸುಮ್ಮನೆ ಒಂದು ಸೀನು ಸೀನಿ, ಇವತ್ತು ಅಂಗಡಿಗೆ ಬಂದ ಲಾರಿಯ ನಂಬರು ಎಂಬತ್ತಾರು ಮೂವತ್ತಮೂರು ಎನ್ನುವರು. ಎಂಟು ಸಾವಿರದ ಆರನೂರಾ ಮೂವತ್ತಮೂರು! ಫೂಫಿಯ ಬಾಯಿ ಅಲ್ಲಿಗೆ ಕಟ್ಟಿತು. ಆ ಸಂಖ್ಯೆ ಎಂಬತ್ತೊಂಬತ್ತನ್ನು ಮುಟ್ಟುವವರೆಗೂ ಯಾವುದಕ್ಕೂ ಜಗ್ಗುವುದಿಲ್ಲ. ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಸಿಟ್ಟು ಯಾವ ಕಾರಣಕ್ಕೆ ಬಂದಿತ್ತೆಂಬುದೇ ಅವರಿಗೆ ನೆನಪಿರುತ್ತಿರಲಿಲ್ಲ. ಆ ಲಾರಿ ನಿಜವಾಗಿ ಬಂದಿತ್ತೋ ಇಲ್ಲವೋ, ಫುಪ್ಪಾ ಮತ್ತು ದೇವರಿಗೇ ಗೊತ್ತು.

ಮನುಷ್ಯರನ್ನು ಅಳೆಯುವುದಕ್ಕೂ ಅದೇ ತಕ್ಕಡಿ. ನನ್ನ ಅಕ್ಕನನ್ನು ನೋಡಲು ಹಾವೇರಿಯ ಮನೆಗೆ ಒಬ್ಬ ಹುಡುಗ ಬಂದಿದ್ದ. ಇಸ್ತ್ರಿ ಮಾಡಿದ ಶರ್ಟು, ತಗ್ಗಿದ ದನಿ, ಸರಕಾರಿ ನೌಕರಿ ಎಂಬ ಸುದ್ದಿ. ಎಲ್ಲರೂ ಮೆಚ್ಚಿದರು. ಫೂಫಿ ಮಾತ್ರ ಅಡುಗೆಮನೆಗೆ ಬಂದು, "ಹುಡುಗ ತೊಂಬತ್ತೊಂದು ಅದಾನ," ಎಂದರು. ಅಮ್ಮ ಅದು ಅವನ ತೂಕವೆಂದು ತಿಳಿದಳು. ತೊಂಬತ್ತೊಂದು ನೋಡಲು ಅವಿಭಾಜ್ಯದ ಹಾಗೆ ಕಾಣುತ್ತದಂತೆ, ಒಳಗೆ ಏಳು ಮತ್ತು ಹದಿಮೂರನ್ನು ಬಚ್ಚಿಟ್ಟುಕೊಂಡಿರುತ್ತದಂತೆ. ವಿಚಾರಿಸಿದಾಗ ನೌಕರಿ ಹುಡುಗನದಲ್ಲ, ಅವನ ಅಣ್ಣನದು ಎಂದು ತಿಳಿಯಿತು. ಇವತ್ತಿಗೂ ನಮ್ಮ ಮನೆಯಲ್ಲಿ ನಂಬಿಕೆಗೆ ಬಾರದವರ ಹೆಸರು ತೊಂಬತ್ತೊಂದೇ.

ಇಂಥ ಫೂಫಿ ತಪ್ಪಿದ್ದು ಹೇಗೆ? ಆ ದಿನ ಸಂಜೆ ಅವರೇ ನನಗೆ ಹೇಳಿದ್ದು.

ದಸರಾ ರಜೆ ಮುಗಿದು ಶಾಲೆ ಶುರುವಾಗಿತ್ತು. ಹತ್ತನೆಯ ಇಯತ್ತೆಯಲ್ಲಿ ನೀಲವ್ವ ಎಂಬ ಹುಡುಗಿ ಇದ್ದಳು. ರಾಣೆಬೆನ್ನೂರಿನವಳೇ, ಅವಳ ತಂದೆ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಹೆಚ್ಚು ಮಾತಾಡುವವಳಲ್ಲ. ಅವತ್ತು ಎದ್ದು ನಿಂತು, ಹನ್ನೊಂದು ಅವಿಭಾಜ್ಯ, ಹಾಗಾದರೆ ಮೂರು ಒಂದು ಬರೆದರೆ, ಎಂದು ಕೇಳಿದಳು. ನೂರಾ ಹನ್ನೊಂದು ಮೂರರಿಂದ ಹೋಗುತ್ತದೆ ಎಂದರು ಫೂಫಿ. ನಾಲ್ಕು ಒಂದು? ಹನ್ನೊಂದರಿಂದ ಹೋಗುತ್ತದೆ. ಐದು? ನಲವತ್ತೊಂದರಿಂದ. ಆರು? ಅದು ಮೂರರಿಂದ ಹೋಗುತ್ತದೆ, ಬೇರೆಯವೂ ಬೇಕಾದಷ್ಟಿವೆ. ಏಳು ಒಂದು?

ಫೂಫಿ ಹಲಗೆಯ ಕಡೆ ತಿರುಗಿ ಮನಸ್ಸಿನಲ್ಲೇ ಭಾಗಿಸತೊಡಗಿದರು. ನಲವತ್ತೊಂದರವರೆಗೆ ಬಂದರು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಪಕ್ಕದ ವರ್ಗದ ಹುಡುಗಿಯರು ಓಡುವ ಸದ್ದು. ಫೂಫಿಯ ಬಾಯಿಂದ ಮಾತು ಜಾರಿತು. ಅದು ಅವಿಭಾಜ್ಯ, ಬರೆದುಕೊಳ್ಳಿ. ಎಲ್ಲರೂ ಬರೆದುಕೊಂಡರು. ನೀಲವ್ವ ಮಾತ್ರ ಪೆನ್ನು ಎತ್ತದೆ ಕೇಳಿದಳು.

"ಖರೇನ್ರೀ ಅಕ್ಕೋರ?"

ಫೂಫಿ ಹೂಂ ಎಂದುಬಿಟ್ಟರು.

ಆ ಹೂಂ ರೈಲಿನಲ್ಲಿ ಅವರ ಪಕ್ಕದಲ್ಲೇ ಕೂತು ಬ್ಯಾಡಗಿಗೆ ಬಂತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅಂದಾಜಿನ ಮೇಲೆ ಹೇಳಬೇಡಿ ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಬೈದವರು ಅಂದಾಜಿನ ಮೇಲೆ ಹೇಳಿ ಬಂದಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ ಫುಪ್ಪಾ ಏನಾಯಿತೆಂದು ಕೇಳಿದರು. ಫೂಫಿ ಹೇಳಿದರು. ಫುಪ್ಪಾ ಸ್ವಲ್ಪ ಯೋಚಿಸಿ, ಅಷ್ಟು ದೊಡ್ಡ ಸಂಖ್ಯೆಯ ಜಾತಿ ಯಾರು ಕೇಳುತ್ತಾರೆ, ಬಿಟ್ಟುಬಿಡು ಎಂದರು. ಕೇಳಿದ್ದಾಳಲ್ಲ ಎಂದರು ಫೂಫಿ.

ಪೂರ್ತಿ ಪರೀಕ್ಷಿಸಬೇಕಾದರೆ ಸಾವಿರ ದಾಟುವವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಬೇಕು. ಶಾಲೆ, ಅಡುಗೆ, ರೈಲು ಇವುಗಳ ನಡುವೆ ದಿನಕ್ಕೆ ಒಂದು, ಕೆಲವೊಮ್ಮೆ ಅದೂ ಇಲ್ಲ. ಅಡುಗೆಮನೆಯ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಭಾಗಾಕಾರ. ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿದ್ದರೂ ಶೇಷ ಬಂದ ಮೇಲೆಯೇ ಮಗುಚುವುದು. ಗುಣಿಸಿ ತಾಳೆ ನೋಡುವ ಕೆಲಸ ನನ್ನದು. ಫುಪ್ಪಾ ಅಡುಗೆಮನೆಗೆ ನೀರು ಕುಡಿಯಲು ಬಂದರೆ ಅಂಕೆಗಳನ್ನು ತುಳಿಯದ ಹಾಗೆ ತುದಿಗಾಲಲ್ಲಿ ಬರಬೇಕಿತ್ತು. ನೂರೈವತ್ತೇಳರ ಮೇಲೆ ಒಮ್ಮೆ ಅವರು ಸೀನಿದ್ದರಿಂದ ಅದನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ದೀಪಾವಳಿ ಕಳೆದ ಮೇಲೆ ಒಂದು ದಿನ ನೀಲವ್ವನ ಜಾಗ ಖಾಲಿ ಇತ್ತು. ಮರುದಿನವೂ ಖಾಲಿ. ಬೆಂಚಿನ ಹುಡುಗಿಯರನ್ನು ಕೇಳಿದರೆ, ಅವಳ ಮದುವೆಯಾಯಿತು, ಕುಪ್ಪೇಲೂರಿಗೆ ಕೊಟ್ಟರು ಎಂದರು. ಫೂಫಿ ಮನೆಗೆ ಬಂದು ಈ ಸುದ್ದಿಯನ್ನು ಉರ್ದುವಿನಲ್ಲಿ ಹೇಳಿದರು. ಅದರಲ್ಲಿ ಒಂದೂ ಸಂಖ್ಯೆ ಇರಲಿಲ್ಲ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ನೆಲಕ್ಕೆ ಕೂತರು.

ಸಂಕ್ರಾಂತಿ ಕಳೆದ ಒಂದು ಸಂಜೆ ಇನ್ನೂರಾ ಮೂವತ್ತೊಂಬತ್ತರ ಸರದಿ. ಭಾಗಿಸುತ್ತ ಹೋದ ಹಾಗೆ ಫೂಫಿಯ ಕೈ ನಿಧಾನವಾಯಿತು. ಕೊನೆಯ ಸಾಲಿನ ಕೆಳಗೆ ಸೊನ್ನೆ. ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಗುಣಿಸು ಎಂದರು. ಇನ್ನೂರಾ ಮೂವತ್ತೊಂಬತ್ತನ್ನು ನಾಲ್ಕು ಸಾವಿರದ ಆರನೂರಾ ನಲವತ್ತೊಂಬತ್ತರಿಂದ ಗುಣಿಸಿದೆ. ಒಂದರ ಪಕ್ಕ ಒಂದು, ಏಳೂ ಒಂದುಗಳು ಬಂದು ಕೂತವು. ನಾನು ಕುಣಿಯುವುದೊಂದು ಬಾಕಿ. ಫೂಫಿಗೆ ಮಾತ್ರ ನಗು ಬರಲಿಲ್ಲ. ತಪ್ಪು ಹೇಳಿದೆ ಎಂದರು, ಅಷ್ಟೆ.

ಮರುದಿನ ವರ್ಗದಲ್ಲಿ ಎಲ್ಲರಿಂದಲೂ ಅವಿಭಾಜ್ಯ ಎಂಬುದನ್ನು ಹೊಡೆದುಹಾಕಿಸಿ ಸಂಯುಕ್ತ ಎಂದು ಬರೆಸಿದರು. ಒಬ್ಬ ಹುಡುಗಿ ಎದ್ದು, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳಂತೆ. ಉಳಿದವರು ಅದನ್ನೂ ಕೇಳಲಿಲ್ಲ.

ಗಾಯಕ್ಕೆ ಮೆಣಸಿನಪುಡಿ ಹಾಕಿದವಳು ನಾನು. ನಮ್ಮ ಕಾಲೇಜಿನ ಗಣಿತದ ಲೆಕ್ಚರರಿಗೆ ಈ ಸಾಹಸವನ್ನು ಹೆಮ್ಮೆಯಿಂದ ಹೇಳಿದೆ. ಅವರು ನಕ್ಕು, ಇಷ್ಟೆಲ್ಲ ಯಾಕೆ ಎಂದರು. ಏಳು ಒಂದುಗಳನ್ನು ಒಡೆಯುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು ಏಳರಿಂದ ಭಾಗಿಸಿದರೆ ಒಂದು ಉಳಿಯಲೇಬೇಕಂತೆ. ಇಪ್ಪತ್ತೊಂಬತ್ತು, ನಲವತ್ತಮೂರು, ಎಪ್ಪತ್ತೊಂದು, ಹೀಗೆ ಆಯ್ದು ನೋಡಿದರೆ ಎಂಟನೆಯದೇ ಇನ್ನೂರಾ ಮೂವತ್ತೊಂಬತ್ತು. ಸಂಜೆ ಬಂದು ಫೂಫಿಗೆ ಹೇಳಿದೆ. ಐವತ್ತು ಭಾಗಾಕಾರ ಮಾಡಿದವರಿಗೆ ಎಂಟು ಸಾಕಿತ್ತು ಎಂದರೆ ಹೇಗಾಗಬೇಡ? ಅವರಿಗೆ ಬೇಸರವಾದದ್ದು ಬೇರೆಯದಕ್ಕೆ.

"ಎಂಟ ಆದ್ರ ವಾರದಾಗ ಮುಗೀತಿತ್ತು," ಎಂದರು. "ಆಕಿ ಆಗ ಇನ್ನೂ ಸಾಲ್ಯಾಗ ಇದ್ಲು."

ಅವಳಿಗೆ ತಿಳಿಸಲೇಬೇಕು ಎಂದಾಯಿತು. ಒಂದು ಕಾರ್ಡು ಹಾಕು ಎಂದರು ಫುಪ್ಪಾ. ಹೊಸ ಸೊಸೆಯ ಹೆಸರಿಗೆ ಬರೀ ಒಂದು ನಂಬರು ಬರೆದ ಕಾರ್ಡು ಹೋದರೆ ಅತ್ತೆಯ ಮನೆಯವರು ಏನೆಂದುಕೊಂಡಾರು ಎಂದು ಫೂಫಿ ಒಪ್ಪಲಿಲ್ಲ. ಮಟಕಾ ನಂಬರು ಅಂದುಕೊಳ್ಳುತ್ತಾರೆ ಎಂದು ಫುಪ್ಪಾನೇ ಒಪ್ಪಿಕೊಂಡರು. ಮುಂದಿನ ಭಾನುವಾರ ನಾನೂ ಫೂಫಿಯೂ ರಾಣೆಬೆನ್ನೂರಿಗೆ ಹೋಗಿ ಕುಪ್ಪೇಲೂರಿನ ಬಸ್ಸು ಹತ್ತಿದೆವು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಯಾಕೆ ಬಂದೆವೆಂದು ಹೇಳುವುದು. ನೀಲವ್ವನ ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಕುಂದರ್ರಿ ಎಂದು ಕಂಬಳಿ ಹಾಸಿದರು, ನೀರು ಕೊಟ್ಟರು, ಒಳಗೆ ಚಹಾಕ್ಕೆ ಹೇಳಿದರು. ಆಮೇಲೆ ನೇರವಾಗಿ ಕೇಳಿದರು.

"ಸಾಲಿ ಬಿಡಿಸಿದ್ದಕ್ಕ ಜಗಳಾ ತಗ್ಯಾಕ ಬಂದೀರೇನ್ರಿ?"

"ಇಲ್ರೆವ್ವಾ. ನಿಮ್ಮ ಸೊಸಿಗೆ ನಾ ಒಂದು ತಪ್ಪು ಹೇಳಿಕೊಟ್ಟಿದ್ದೆ. ಅದನ್ನ ತಿದ್ದಾಕ ಬಂದೇನಿ."

ಅತ್ತೆಗೆ ಇದು ಅರ್ಥವಾಗಲಿಲ್ಲ. ಆದರೆ ಜಗಳವಲ್ಲ ಎಂಬುದು ಅರ್ಥವಾಗಿ ಮುಖ ಸಡಿಲಾಯಿತು. ಚಹಾ ತಂದವಳು ನೀಲವ್ವ. ಹಸಿರು ಬಳೆ, ತಲೆಯ ಮೇಲೆ ಸೆರಗು. ಫೂಫಿಯನ್ನು ಕಂಡವಳೇ ಚಹಾದ ಬಸಿಯನ್ನು ಮೊದಲು ಅವರ ಕೈಗೇ ಕೊಟ್ಟಳು. ಫೂಫಿ ಕುಶಲ ಕೇಳಲಿಲ್ಲ, ಗಂಡ ಏನು ಮಾಡುತ್ತಾನೆ ಎಂದು ಕೇಳಲಿಲ್ಲ.

"ಏಳು ಒಂದು ಅವಿಭಾಜ್ಯ ಅಲ್ಲವಾ. ಇನ್ನೂರಾ ಮೂವತ್ತೊಂಬತ್ತರಿಂದ ಹೋಗತೈತಿ. ನಾ ನೋಡಲಾರದ ಹೇಳಿಬಿಟ್ಟಿದ್ದೆ."

ನೀಲವ್ವ ಸೆರಗು ಸರಿಮಾಡಿಕೊಂಡಳು. ಅತ್ತೆಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಾನೂ ಮಾಡಾಕತ್ತಿದ್ದೆನ್ರಿ ಅಕ್ಕೋರ. ನೂರಾ ಮೂರರತನಾ ಬಂದಿದ್ದೆ. ಅಷ್ಟರಾಗ ಮದುವಿ ಆತು."

ಫೂಫಿ ಕೈಯಲ್ಲಿದ್ದ ಬಸಿಯನ್ನು ಕೆಳಗಿಟ್ಟರು. ಎಷ್ಟು ಸಲ ಹೋಗುತ್ತದೆ ಎಂದು ನೀಲವ್ವನೇ ಕೇಳಿದಳು. ನಾನು ಹೇಳಿದೆ. ಅವಳು ಒಳಗಿನಿಂದ ಒಂದು ಇದ್ದಿಲಿನ ಚೂರು ತಂದು, ಕಟ್ಟೆಯ ಕಲ್ಲಿನ ಮೇಲೆ ಕೂತು ಗುಣಿಸಿದಳು. ಏಳು ಒಂದುಗಳು ಬಂದವು. ಅಲ್ಲಿಯವರೆಗೆ ಶೇಂಗಾ ಸುಲಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ ಬಗ್ಗಿ ನೋಡಿದರು. ಕೂರಿಗೆ ಹೊಡೆದ ಹಾಗೆ ಸಾಲಾಗಿ ಬಂದಿವೆಯಲ್ಲ ಎಂದು ಬೆರಗಾದರು. ಆಮೇಲೆ ಒಂದು ನ್ಯಾಯವಾದ ಪ್ರಶ್ನೆ ಕೇಳಿದರು.

"ಇದನ್ನ ಮಾಡಿದ್ರ ಏನ ಸಿಗತೈತ್ರಿ?"

"ಏನೂ ಸಿಗೂದಿಲ್ರಿ," ಎಂದರು ಫೂಫಿ.

ಸುಳ್ಳು ಹೇಳಬಹುದಿತ್ತಲ್ಲ! ನೌಕರಿ ಸಿಗುತ್ತದೆ, ಪಗಾರ ಬರುತ್ತದೆ, ಏನಾದರೊಂದು. ಎಲ್ಲ ಮುಗಿಯಿತು ಅಂದುಕೊಂಡೆ. ಅತ್ತೆ ಮಾತ್ರ ನಕ್ಕುಬಿಟ್ಟರು. ಆ ನಗುವಿನ ಬೆನ್ನಿಗೇ ಫೂಫಿ ವಿಷಯಕ್ಕೆ ಬಂದರು. ನೀಲವ್ವನ ಪರೀಕ್ಷೆಯ ಫಾರ್ಮು ಮದುವೆಗೆ ಮೊದಲೇ ತುಂಬಿಯಾಗಿದೆ, ಬಂದು ಕೂತು ಬರೆದರೆ ಸಾಕು, ಕಳಿಸಿಕೊಡಿ. ಅತ್ತೆ ಸುಲಿದ ಶೇಂಗಾವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕತೊಡಗಿದರು. ಹೊಲದ ಕೆಲಸದ ಮಾತು ತೆಗೆಯುತ್ತಾರೆ, ಜನ ಏನಂದಾರು ಅನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಹೇಳಿದ್ದೇ ಬೇರೆ.

"ಈ ಮನಿಗೆ ಬಂದು ಇಷ್ಟ ವರ್ಷ ಆತು. ನನ್ನ ಮುಂದ ಯಾರೂ ನಂದ ತಪ್ಪು ಅಂತ ಒಪ್ಪಿಕೊಂಡಿಲ್ರಿ. ನೀವು ಬಸ್ ಹತ್ತಿ ಬಂದು ಹೇಳಿದ್ರಿ. ಕರಕೊಂಡ ಬರತೇನಿ, ನಡೀರಿ."

ಹೊರಡುವಾಗ ನೀಲವ್ವನ ಮೈದುನ ನನ್ನನ್ನು ದನದ ಕೊಟ್ಟಿಗೆಯ ಮರೆಗೆ ಕರೆದ. ಅವನು ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅಕ್ಕೋರು ತಂದ ನಂಬರು ಓಪನ್ನಿಗೋ ಕ್ಲೋಸಿಗೋ ಎಂದು ಪಿಸುಗುಟ್ಟಿದ. ಅದು ಮಟಕಾ ಅಲ್ಲ, ಗಣಿತ ಎಂದೆ. ನಾನು ಬೇಕೆಂದೇ ಮುಚ್ಚಿಡುತ್ತಿದ್ದೇನೆಂದು ಅವನಿಗೆ ಬೇಸರವಾಯಿತು.

ಅತ್ತೆ ಮಾತು ಉಳಿಸಿಕೊಂಡರು. ಪರೀಕ್ಷೆಯ ಅಷ್ಟೂ ದಿನ ಬೆಳಗಿನ ಬಸ್ಸಿಗೆ ಸೊಸೆಯನ್ನು ಕರೆತಂದು ಶಾಲೆಯ ಹೊರಗೆ ಬೇವಿನ ಮರದ ಕೆಳಗೆ ಕೂತರು. ನೀಲವ್ವ ಇಂಗ್ಲಿಷಿನಲ್ಲಿ ಎಡವಿ ಅದನ್ನು ಮತ್ತೊಮ್ಮೆ ಬರೆದು ದಾಟಿದಳು. ಗಣಿತದಲ್ಲಿ ಎಡವಲಿಲ್ಲ. ಮುಂದೆ ಅವಳು ತನ್ನ ಊರಿನಲ್ಲೇ ಅಂಗನವಾಡಿಯ ಅಕ್ಕೋರಾದಳು.

ಗಣಿತ ಪರೀಕ್ಷೆಯ ದಿನ ನಾನೂ ಅಲ್ಲಿಗೆ ಹೋಗಿದ್ದೆ. ಆ ದಿನ ಗಣಿತ ಕಲಿಸುವವರಿಗೆ ಒಳಗೆ ಮೇಲ್ವಿಚಾರಣೆಯ ಕೆಲಸವಿಲ್ಲವಾದ್ದರಿಂದ ಫೂಫಿಯೂ ಬೇವಿನ ಮರದ ಕೆಳಗೆ, ಅತ್ತೆಯ ಪಕ್ಕದಲ್ಲಿ ಕೂತಿದ್ದರು. ಗಂಟೆ ಹೊಡೆದು ಹುಡುಗಿಯರು ಹೊರಗೆ ಬರತೊಡಗಿದರು. ಪ್ರತಿ ವರ್ಷ ಈ ಹೊತ್ತಿಗೆ ಫೂಫಿ ಗೇಟಿನಲ್ಲೇ ನಿಂತು, ಬಂದವರ ಕೈಯಿಂದ ಪ್ರಶ್ನೆಪತ್ರಿಕೆ ಕಸಿದುಕೊಂಡು, ಮೊದಲನೆಯದಕ್ಕೆ ಉತ್ತರ ಎಷ್ಟು ಬಂತು, ಎರಡನೆಯದಕ್ಕೆ ಎಷ್ಟು ಎಂದು ವಿಚಾರಣೆ ನಡೆಸುವರು. ಹುಡುಗಿಯರು ಹೆದರಿ ಹಿಂದಿನ ಗೇಟಿನಿಂದ ಓಡುವುದೂ ಉಂಟು.

ನೀಲವ್ವ ಎಲ್ಲರಿಗಿಂತ ಕೊನೆಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಬೆರಳಿಗೆಲ್ಲ ಶಾಯಿ. ನೇರವಾಗಿ ಫೂಫಿಯ ಮುಂದೆ ಬಂದು ಪ್ರಶ್ನೆಪತ್ರಿಕೆಯನ್ನು ಬಿಚ್ಚಿ ಹಿಡಿದಳು. ಫೂಫಿ ಅದನ್ನು ತೆಗೆದುಕೊಳ್ಳಲಿಲ್ಲ. ಅವಳ ಮುಖವನ್ನೇ ನೋಡಿದರು. ಮರದ ಬುಡದಲ್ಲಿದ್ದ ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು, ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ, ಮಡಚಿ, ಅವಳ ಶಾಯಿಯ ಕೈಗೆ ಕೊಟ್ಟರು.

"ಮುಂಜಾನಿಂದ ಏನೂ ತಿಂದಿಲ್ಲ ಅಂದ್ರು ನಿಮ್ಮ ಅತ್ತಿ," ಎಂದರು. "ಮೊದ್ಲು ಉಣ್ಣು."